ಅಕ್ಕ ಹೇಳಿದಷ್ಟು ದೂರ

ಬೂಟಿನ ಲೇಸನ್ನು ಮತ್ತೊಮ್ಮೆ ಬಿಚ್ಚಿ ಕಟ್ಟುತ್ತಿದ್ದಾಗ ಅವಳಿಗೆ ತನ್ನ ಬೆರಳುಗಳ ಮೇಲೇ ಅನುಮಾನ ಬಂತು. ಇಷ್ಟು ವರ್ಷ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಗಾಜಿನ ಅಂಚನ್ನು ತಿರುಗುವ ಕಲ್ಲಿಗೆ ಹಿಡಿದು, ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಫ್ರೇಮಿನಲ್ಲಿ ಕೂರದ ಕೆಲಸವನ್ನು ಕಣ್ಣುಮುಚ್ಚಿ ಮಾಡಿದ ಬೆರಳುಗಳು ಒಂದು ಬೂಟಿನ ಗಂಟಿಗೆ ಹೀಗೆ ತಡವರಿಸುವುದುಂಟೆ? ತಡವರಿಸುತ್ತಿದ್ದುದು ಬೆರಳಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಪಾರ್ಕಿನ ಗೇಟಿನ ಪಕ್ಕದ ಬೆಂಚು ಬೆಳಗಿನ ತಂಪಿಗೆ ಇನ್ನೂ ಒದ್ದೆಯಾಗಿದ್ದು, ಪ್ಯಾಂಟಿನ ಹಿಂಭಾಗಕ್ಕೆ ಆ ತೇವ ನಿಧಾನವಾಗಿ ಇಳಿಯುತ್ತಿತ್ತು. ಕಿವಿಗೆ ಸಿಕ್ಕಿಸಿಕೊಂಡಿದ್ದ ಇಯರ್‌ಫೋನಿನಲ್ಲಿ ಇನ್ನೂ ಯಾವ ದನಿಯೂ ಇರಲಿಲ್ಲ. ಗುಂಡಿ ಒತ್ತಬೇಕು. ಒತ್ತಿದರೆ ಅಕ್ಕ ಮಾತಾಡುತ್ತಾಳೆ. ಮಾತಾಡಿ ಮುಗಿಸಿಬಿಡುತ್ತಾಳೆ. ಆಮೇಲೆ ಇಲ್ಲ.

ಅಕ್ಕ ತೀರಿಕೊಂಡು ಬರುವ ತಿಂಗಳಿಗೆ ವರ್ಷ ತುಂಬುತ್ತಿತ್ತು. ಬದುಕಿದ್ದಾಗ ಅವಳ ಕಸುಬೇ ದನಿ ಕೊಡುವುದು. ಲಿಫ್ಟುಗಳಿಗೆ, ಬಸ್‌ ನಿಲ್ದಾಣಗಳಿಗೆ, ಬ್ಯಾಂಕಿನ ಫೋನುಗಳಿಗೆ. 'ದಯವಿಟ್ಟು ಕಾಯಿರಿ, ನಿಮ್ಮ ಕರೆ ನಮಗೆ ಅಮೂಲ್ಯ' ಎಂದು ಊರಿಗೆಲ್ಲ ಹೇಳುತ್ತಿದ್ದವಳು ಅವಳೇ. ಓಟದ ಪಾಠಗಳಿಗೂ ದನಿ ಕೊಟ್ಟಿದ್ದಾಳೆಂದು ತಂಗಿಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಡಾಕ್ಟರು ಗದರಿಸಿ ಕಳಿಸಿದ ಮೇಲೆ, ಮಗಳು ಫೋನನ್ನು ಕಿತ್ತುಕೊಂಡು ಏನೇನೋ ಒತ್ತಿ, "ತಗೋ, ಇದು ಹೇಳಿದ ಹಾಗೆ ಮಾಡು, ಸಾಕು. ಜನ್ಮದಲ್ಲಿ ಓಡದೆ ಇರೋರಿಗೇಂತ ಮಾಡಿರೋ ಪಾಠ" ಎಂದು ಕೈಗಿತ್ತಾಗ.

"ಓಡೋದಾ? ನಾನಾ? ಬಸ್ಸು ಹೊರಟ್ರೂ ಓಡಿದೋಳಲ್ಲ ಕಣೇ ನಾನು. ಇನ್ನೊಂದು ಬರತ್ತೆ ಅಂತ ನಿಂತ್ಕೋತೀನಿ."

"ಗೊತ್ತು. ನಿನ್ನ ಥರಾನೇ ನಿನ್ನ ರಕ್ತಾನೂ ಇನ್ನೊಂದು ಬಸ್ಸಿಗೆ ಕಾಯ್ತಾ ನಿಂತುಬಿಟ್ಟಿದೆ. ಅದಕ್ಕೇ ಡಾಕ್ಟ್ರು ಬೈದಿದ್ದು." ಮಗಳು ನರ್ಸಿಂಗ್ ಓದುತ್ತಿದ್ದಳು, ತಾಯಿಯ ಮೈ ಅವಳಿಗೆ ಪರೀಕ್ಷೆಗೆ ಬರಬಹುದಾದ ಪ್ರಶ್ನೆಯಂತೆ ಕಾಣುತ್ತಿತ್ತು.

ವಾರಕ್ಕೊಂದು ಪಾಠ. ಮೊದಮೊದಲು ಒಂದು ಚೂರು ಓಟ, ಉಳಿದದ್ದೆಲ್ಲ ನಡಿಗೆ. ಬರುಬರುತ್ತ ನಡಿಗೆ ಸವೆಯುತ್ತ, ಓಟ ಬೆಳೆಯುತ್ತ, ಕಟ್ಟಕಡೆಯ ಪಾಠಕ್ಕೆ ಬರುವಾಗ ನಡಿಗೆಯೇ ಇಲ್ಲದ ಒಂದೇ ಉಸಿರಿನ ಓಟ. ಮೊದಲ ದಿನ ಇದೇ ಗೇಟಿನ ಹತ್ತಿರ, ಮಗಳ ಹಳೆಯ ಕಿತ್ತಳೆ ಬಣ್ಣದ ಅಂಗಿ ತೊಟ್ಟು, ಯಾರಾದರೂ ಗುರುತಿನವರು ಕಂಡಾರೆಂದು ಅತ್ತಿತ್ತ ನೋಡುತ್ತ ಗುಂಡಿ ಒತ್ತಿದ್ದಳು. 'ನಮಸ್ಕಾರ. ಇಂದು ನಿಮ್ಮ ಮೊದಲ ಓಟ. ಹೆದರಬೇಡಿ, ನಾನು ಜೊತೆಗಿದ್ದೇನೆ.' ಅವಳು ನಿಂತಲ್ಲೇ ನಿಂತುಬಿಟ್ಟಳು. ಒಂದು ನಾಯಿ ಬಂದು ಬೂಟು ಮೂಸಿ, ಇದು ಓಡುವ ಪ್ರಾಣಿಯಲ್ಲ ಎಂದು ತೀರ್ಮಾನಿಸಿ ಹೋಯಿತು. 'ಈಗ ಓಡಿ' ಎಂದಳು ಅಕ್ಕ. ಓಡಲಿಲ್ಲ. 'ತುಂಬ ಚೆನ್ನಾಗಿ ಓಡುತ್ತಿದ್ದೀರಿ' ಎಂದಳು ಅಕ್ಕ. ನಿಂತವಳ ಬೆನ್ನಮೇಲೆ ಬೆವರು ಹರಿಯಿತು. ಅಕ್ಕ ಜನ್ಮದಲ್ಲಿ ಅವಳನ್ನು ಹೊಗಳಿದ್ದಿಲ್ಲ. ಹೊಗಳುವುದಕ್ಕೆ ಸಾಯಬೇಕಾಯಿತು, ಅದೂ ಓಡದೆ ಇದ್ದಾಗ, ಅದೂ ಗುರುತಿಲ್ಲದ ಹೆಂಗಸನ್ನು ಮಾತಾಡಿಸುವ ಹಾಗೆ.

ಮನೆಗೆ ಬಂದು ಮಗಳ ಕಿವಿಗೂ ಒಂದು ತುದಿ ಸಿಕ್ಕಿಸಿದಳು. ಮಗಳು ಹಲ್ಲುಜ್ಜುತ್ತಿದ್ದವಳು ಬ್ರಷ್ಷನ್ನು ಬಾಯಲ್ಲೇ ನಿಲ್ಲಿಸಿದಳು. "ಅಮ್ಮಾ... ಇದು ದೊಡ್ಡಮ್ಮ ಅಲ್ವಾ? ಅಯ್ಯೋ. ನಂಗೆ ಗೊತ್ತಿರ್ಲಿಲ್ಲ ಕಣಮ್ಮ, ಆಣೆಗೂ. ತೆಗೆದುಬಿಡ್ಲಾ? ಇದ್ರಲ್ಲಿ ಒಬ್ಬ ಗಂಡಸಿನ ದನೀನೂ ಇದೆ, ಬೇಕಾದ್ರೆ ಬದಲಾಯಿಸ್ಬೋದು."

"ಮುಟ್ಟಿದ್ರೆ ನೋಡು" ಎಂದಿದ್ದಳು ಅವಳು. ಎಂದ ರಭಸಕ್ಕೆ ಇಬ್ಬರೂ ಬೆಚ್ಚಿದ್ದರು.

ಆ ಹೊತ್ತಿಗೆ ಊರಿನ ಗೋಡೆಗಳಿಂದ ಅಕ್ಕನನ್ನು ಒಂದೊಂದಾಗಿ ಕಿತ್ತುಹಾಕುತ್ತಿದ್ದರು. ಅಂಗಡಿಯಿದ್ದ ಕಟ್ಟಡದ ಲಿಫ್ಟಿಗೆ ಯಾವುದೋ ಎಳೆ ಹುಡುಗಿಯ ದನಿ ಬಂದಿತ್ತು. ಮೂರನೆಯ ಮಹಡಿ ಬಂದರೆ ಲಾಟರಿ ಹೊಡೆದಷ್ಟು ಖುಷಿಯಿಂದ ಕೂಗುತ್ತಿತ್ತು. ಬ್ಯಾಂಕಿನಲ್ಲಿ ಈಗ ಸಂಗೀತ. ಬಸ್‌ ನಿಲ್ದಾಣದಲ್ಲಿ ದಪ್ಪ ಗಂಟಲಿನ ಗಂಡಸು. ಉಳಿದದ್ದು ಈ ಪಾಠಗಳೊಂದೇ. ಹಾಗಾಗಿ ಬೆಳಿಗ್ಗೆ ಏಳಲಾರದ ಜನ ಅಲಾರಂ ಇಟ್ಟು, ಗೆಳತಿಯರಿಗೆ ಮಾತು ಕೊಟ್ಟು, ಕನ್ನಡಿಯ ಮೇಲೆ ಚೀಟಿ ಅಂಟಿಸಿ ಮಾಡುವ ಸಾಹಸವೊಂದೂ ಅವಳಿಗೆ ಬೇಕಾಗಲಿಲ್ಲ. ಮಂಡಿ ಊದಿದ ದಿನವೂ ಹೋದಳು. ಕಾಲುಬೆರಳಿನ ಉಗುರು ಕಪ್ಪಾದ ದಿನವೂ ಹೋದಳು. ಮಗಳು ಸ್ನೇಹಿತೆಯರೊಡನೆ, "ನಮ್ಮಮ್ಮನ ಹಠ ನೋಡ್ಬೇಕು ನೀವು, ನಮಗೆಲ್ಲ ನಾಚಿಕೆ ಆಗ್ಬೇಕು" ಎನ್ನುವಾಗ ಅವಳು ಅಡುಗೆಮನೆಯ ನಲ್ಲಿಯನ್ನು ಜೋರಾಗಿ ತಿರುಗಿಸುತ್ತಿದ್ದಳು. ಹಠವಲ್ಲ ಅದು. ಹಠ ಮರ್ಯಾದಸ್ಥರ ಗುಣ. ಇದು ಕದ್ದು ತಿನ್ನುವವಳ ಹಸಿವು. ಹಾಸಿಗೆಯಲ್ಲೇ ಮಲಗಿ ಎಲ್ಲವನ್ನೂ ಕೇಳಿಬಿಡಬಹುದಿತ್ತು. ಒಮ್ಮೆ ಹಾಗೆ ಮಾಡಲು ಹೋಗಿ, ಅಕ್ಕನ ಕೋಣೆಯ ಬಾಗಿಲಿಗೆ ಕಿವಿಯಿಟ್ಟಂತಾಗಿ ತಟಕ್ಕನೆ ಆರಿಸಿದ್ದಳು. ಓಡಿದರೆ ಮಾತ್ರ ಅದು ತನಗೆ ಹೇಳಿದ ಮಾತು. ಇನ್ನೊಂದು ಸಂಗತಿಯೂ ಬೇಗನೆ ತಿಳಿಯಿತು: ಒಂದು ಪಾಠವನ್ನು ಮೊದಲನೆಯ ಸಲ ಕೇಳಿದಾಗ ಅಕ್ಕ ಮಾತಾಡುತ್ತಾಳೆ, ಎರಡನೆಯ ಸಲ ಕೇಳಿದರೆ ಅದು ಬರೀ ರೆಕಾರ್ಡು.

ಅದಕ್ಕೇ ಜಿಪುಣತನ ಶುರುವಾಯಿತು. ಹೊಸ ಪಾಠಕ್ಕೆ ಹೋಗಲು ಮೈ ಸಿದ್ಧವಾಗಿದ್ದರೂ ಹಳೆಯದನ್ನೇ ಮತ್ತೆ ಮತ್ತೆ ಓಡಿದಳು. ಪಾರ್ಕಿನಲ್ಲಿ ದಿನಾ ಬೆಳಿಗ್ಗೆ ಕೋಲೂರಿ ನಡೆಯುವ ನಿವೃತ್ತ ಡ್ರಿಲ್‌ ಮೇಷ್ಟ್ರೊಬ್ಬರು ಅವಳ ಓಟಕ್ಕೆ ತಮ್ಮನ್ನು ತಾವೇ ಮೇಲ್ವಿಚಾರಕರನ್ನಾಗಿ ನೇಮಿಸಿಕೊಂಡಿದ್ದರು. ಎದುರಾದಾಗಲೆಲ್ಲ, "ಎಷ್ಟನೇದಮ್ಮ ಈಗ?" ಎಂದು ಕೇಳುವರು. "ಐದನೇದು, ಮೇಷ್ಟ್ರೇ." ಮುಂದಿನ ವಾರ, "ಈಗ?" "ಐದನೇದೇ."

"ಮತ್ತೂ ಐದಾ? ಪಾಸಾಗೋ ಯೋಚನೆ ಇಲ್ವೇನ್ ತಾಯಿ? ನನ್ನ ಸರ್ವೀಸಲ್ಲಿ ಒಬ್ಬ ಇದ್ದ, ಏಳನೇ ಕ್ಲಾಸಲ್ಲೇ ಡೇರೆ ಹೊಡೆದುಬಿಟ್ಟಿದ್ದ. ದಡ್ಡ ಅಲ್ಲ, ಎಲ್ಲಾ ಬರ್ತಿತ್ತು ಕಳ್ಳನಿಗೆ. ಆಮೇಲೆ ಗೊತ್ತಾಯ್ತು, ಅವನ ಬೆಂಚು ಕಿಟಕಿ ಪಕ್ಕ ಇತ್ತಂತೆ!" ಎಂದು ಕೋಲು ಕುಟ್ಟಿ ನಕ್ಕರು. ಅವಳೂ ನಕ್ಕಳು. ನಗುತ್ತ ನಗುತ್ತ ಕಿಬ್ಬೊಟ್ಟೆ ಹಿಡಿದುಕೊಂಡು ಪೊದೆಯ ಮರೆಗೆ ಹೋಗಿ ನಿಲ್ಲಬೇಕಾಯಿತು. ಕಳ್ಳನನ್ನು ಕಳ್ಳನೆಂದು ಗೊತ್ತಿಲ್ಲದೆಯೇ ಕರೆದರೆ ಹೀಗೇ ಆಗುವುದು.

ಕಿಟಕಿಯಿಂದ ಏನು ಕಾಣುತ್ತಿತ್ತು? ಚಿಕ್ಕಂದಿನಲ್ಲಿ ಮನೆಗೆ ಯಾರು ಬಂದರೂ ಅಕ್ಕನನ್ನು ಕರೆದು ನಡುಮನೆಯಲ್ಲಿ ನಿಲ್ಲಿಸಿ ಪದ್ಯ ಹೇಳಿಸುತ್ತಿದ್ದರು. ಇವಳು ನೀರು ತಂದುಕೊಡಬೇಕು. "ಚಿಕ್ಕವಳಿಗೆ ಏನು ಬರತ್ತೆ?" ಎಂದು ಬಂದವರು ಸೌಜನ್ಯಕ್ಕೆ ಕೇಳಿದರೆ ಅತ್ತೆಯೊಬ್ಬಳು, "ಅವಳು ಬಾಯಿ ಬಿಡದೆ ಇದ್ರೆ ಬಹಳ ಲಕ್ಷಣ" ಎಂದು ಎಲ್ಲರನ್ನೂ ನಗಿಸಿದ್ದಳು. ಹುಟ್ಟಿನಿಂದ ಇವಳ ಗಂಟಲು ಬಿರುಕು ಬಿಟ್ಟ ಬಾಂಡಲೆ. ಅಕ್ಕ ಅವಳನ್ನು ಕರೆಯುತ್ತಿದ್ದುದು ಒಡಕಲಿ ಎಂದು. "ಏ ಒಡಕಲೀ, ಬಾರೇ ಇಲ್ಲಿ." ಮದುವೆಯಾಗಿ, ಮಕ್ಕಳಾಗಿ, ಗಂಡ ತೀರಿಹೋಗಿ, ತಲೆ ನರೆತ ಮೇಲೂ ಒಡಕಲಿಯೇ. ಅಕ್ಕರೆಯಿಂದ ಕರೆದದ್ದೇ ಇರಬೇಕು. ಅಕ್ಕರೆಯಿಂದಲೇ ಚುಚ್ಚಿದರೂ ಮುಳ್ಳು ಮುಳ್ಳೇ ಅಲ್ಲವೆ. ಈಗ ಅದೇ ಬಾಯಿ ಕಿವಿಯೊಳಗೆ ಕೂತು 'ನೀವು', 'ನಿಮ್ಮ' ಎನ್ನುವಾಗ ಅವಳಿಗೆ ಮರ್ಯಾದೆ ಸಿಕ್ಕಿದಂತೆ ಅನಿಸಲಿಲ್ಲ, ಮನೆಯಿಂದ ಹೊರಗೆ ಹಾಕಿದಂತೆ ಅನಿಸಿತು. ಓಡುತ್ತ ಓಡುತ್ತ ಕಾಯುತ್ತಿದ್ದಳು. ಈ ಎಲ್ಲ ಪಾಠಗಳಲ್ಲಿ, ಎಲ್ಲೋ ಒಂದು ಕಡೆ, ಎರಡು ವಾಕ್ಯಗಳ ನಡುವೆ, ತನಗೆಂದೇ ಒಂದು ಮಾತು ಬಿದ್ದಿರಬಹುದು. ಬೈಗುಳವಾದರೂ ಸರಿ. ಬೈಗುಳವಾದರೇ ಸರಿ.

ಲೇಸು ಕಟ್ಟಿ ಮುಗಿದಿತ್ತು. ಇನ್ನು ಬಿಚ್ಚಲು ನೆವ ಇರಲಿಲ್ಲ. ಹುಲ್ಲು ಕತ್ತರಿಸುವವನು ದೂರದಲ್ಲಿ ಯಂತ್ರದ ಹಗ್ಗ ಎಳೆಯುತ್ತಿದ್ದ. ಅದು ಕೆಮ್ಮಿ ಕೆಮ್ಮಿ ಸುಮ್ಮನಾಗುತ್ತಿತ್ತು. ಅವಳು ಎದ್ದು ಗುಂಡಿ ಒತ್ತಿದಳು.

'ಇಂದು ನಮ್ಮ ಕೊನೆಯ ಪಾಠ. ಈ ಸಲ ನಡಿಗೆ ಇಲ್ಲ. ನಾನೂ ಹೆಚ್ಚು ಮಾತಾಡುವುದಿಲ್ಲ. ಹೊರಡೋಣವೆ?'

ಹೊರಟಳು. ಕಾಲುಗಳು ಈಚೆಗೆ ಅವಳನ್ನು ಕೇಳುತ್ತಿರಲಿಲ್ಲ, ತಾವಾಗಿ ಹೋಗುತ್ತಿದ್ದವು. ಮೊದಲ ತಿರುವಿನ ಬೇಲಿ, ಮಕ್ಕಳಿಲ್ಲದ ಜಾರುಬಂಡೆ, ಬಣ್ಣ ಕಿತ್ತ ನೀರಿನ ತೊಟ್ಟಿ. ಅವಳು ದನಿಯನ್ನು ನೆನೆಸಿಕೊಂಡು ಬೆರಳಿನಿಂದ ಸವರುವ ಹಾಗೆ ಸವರಿದಳು. ಇತ್ತು. ಗೀರು ಇತ್ತು. ಪಾಠದಿಂದ ಪಾಠಕ್ಕೆ ಅದು ಬೆಳೆಯುತ್ತ ಬಂದಿತ್ತು, ಬೇರೆ ಯಾರ ಕಿವಿಗೂ ಬೀಳದಷ್ಟು. ಗಾಜಿನ ಮೇಲಿನ ಗೀರನ್ನು ಕಣ್ಣಿಗಿಂತ ಮೊದಲು ಉಗುರಿನಿಂದ ಕಂಡುಹಿಡಿಯುವವಳಿಗೆ ಮಾತ್ರ ಸಿಗುವಷ್ಟು. ಮೊದಲ ಪಾಠದಲ್ಲಿ ಜೇನಿನ ಹಾಗೆ ಇಳಿದಿದ್ದ 'ನಿಧಾನ' ಎಂಬ ಮಾತು ಆರನೆಯದರಲ್ಲಿ ಎಲ್ಲೋ ಸಿಕ್ಕಿಕೊಂಡು ಬಿಡಿಸಿಕೊಂಡಿತ್ತು. ಏಳನೆಯದರಲ್ಲಿ ಅಕ್ಕ ಒಂದು ವಾಕ್ಯದ ನಡುವೆ ಉಗುಳು ನುಂಗಿದ್ದಳು. ಕೊನೆಯದರ ಹೊತ್ತಿಗೆ ದನಿಯ ಅಂಚೆಲ್ಲ ತರಿ. ಆ ಪಾಠಗಳಿಗೆ ದನಿ ಕೊಡುವಾಗ ಅಕ್ಕನಿಗಿನ್ನೂ ಗಂಟಲಿನ ಗಂಟಿನ ಸುದ್ದಿ ಗೊತ್ತಿರಲಿಲ್ಲ. ಊರಿಗೆಲ್ಲ ಹೆದರಬೇಡಿ ಎಂದು ಹೇಳುತ್ತಿದ್ದ ಗಂಟಲಿಗೆ ಗೊತ್ತಿತ್ತು. ವಾರ ವಾರವೂ ತಂಗಿ ಅಕ್ಕನ ಹಿಂದೆ ಓಡುತ್ತಿದ್ದಾಗ, ಅಕ್ಕನ ದನಿ ತಂಗಿಯ ದನಿಯ ಕಡೆಗೆ ಓಡಿಬರುತ್ತಿತ್ತು.

ಆಸ್ಪತ್ರೆಗೆ ಅವಳು ಹೋದದ್ದು ಒಂದೇ ಸಲ. ಶಸ್ತ್ರಚಿಕಿತ್ಸೆಯಾಗಿ ಅಕ್ಕನ ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿದ್ದರು. ಬಟ್ಟೆಯ ನಡುವೆ ಒಂದು ಕಡೆ ಉಸಿರಿಗೆ ತಕ್ಕಂತೆ ಉಬ್ಬಿ ತಗ್ಗುತ್ತಿತ್ತು. ಮುಖದಲ್ಲಿ ಇರಬೇಕಾದ ಬಾಯಿ ಕೆಳಗೆ ಇಳಿದುಬಂದ ಹಾಗೆ. ಪಕ್ಕದಲ್ಲಿ ಭಾವ, ಅಕ್ಕನ ಗಂಡ, ಎರಡೂ ಅಂಗೈಗಳನ್ನು ಮಂಡಿಯ ಮೇಲಿಟ್ಟು ಕೂತಿದ್ದರು. ಅಕ್ಕ ಸ್ಲೇಟಿನ ಮೇಲೆ ಬರೆದು ತೋರಿಸಿದಳು: ಈಗ ನೀನು ಮಾತಾಡೇ. ಅವಳು ಮಾತಾಡಿದಳು. ಅಂಗಡಿಗೆ ಬಂದ ಹೊಸ ಯಂತ್ರದ ವಿಷಯ, ಮಗಳ ಕಾಲೇಜಿನ ವಿಷಯ, ಮನೆ ಮಾಲೀಕನ ನಾದಿನಿಯ ವಿಷಯ. ತನ್ನ ದನಿ ಆ ಕೋಣೆಯಲ್ಲಿ ಎಷ್ಟು ದೊಡ್ಡದಾಗಿ ಕೇಳಿಸುತ್ತಿದೆಯೆಂದು ಅವಳಿಗೇ ಸೋಜಿಗ. ಯಾರೂ ನಡುವೆ ಬಾಯಿ ಹಾಕಲಿಲ್ಲ. ಹೊರಗೆ ಬಂದು ಲಿಫ್ಟು ಹತ್ತಿದಾಗ ಒಬ್ಬಳೇ ಇದ್ದಳು. ಬಾಗಿಲು ಮುಚ್ಚಿತು. ಆಗ ಎದೆಯ ಯಾವುದೋ ಮೂಲೆಯಲ್ಲಿ ಒಂದು ಸಣ್ಣ ಸಂತೋಷ ಎದ್ದು ಕೂತಿತು. ಸಾಸಿವೆಯಷ್ಟು. ಇನ್ನು ಮೇಲೆ ಮನೆಗೆ ಬಂದವರು ನನ್ನ ಕಡೆಗೂ ತಿರುಗುತ್ತಾರೆ. ಅಷ್ಟೇ. ಅಷ್ಟರಲ್ಲಿ ತಲೆಯ ಮೇಲಿನಿಂದ ಅಕ್ಕ, ಹಳೆಯ ಅಕ್ಕ, ಬಂಗಾರದ ದನಿಯ ಅಕ್ಕ, 'ನೆಲಮಹಡಿ. ಬಾಗಿಲು ತೆರೆಯುತ್ತಿದೆ' ಎಂದಳು. ಬಾಗಿಲು ತೆರೆಯಿತು. ಹೊರಗೆ ಕಾಯುತ್ತಿದ್ದವರೆಲ್ಲ ಅವಳ ಮುಖ ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಯಾರೋ ಸತ್ತಿರಬೇಕು ಎಂದುಕೊಂಡಿದ್ದರೋ ಏನೋ.

'ಅರ್ಧ ದಾರಿ ಬಂದಿರಿ. ಬೆನ್ನು ನೆಟ್ಟಗಿರಲಿ.'

ಬೆನ್ನು ನೆಟ್ಟಗಾಯಿತು, ಯಾರೋ ಹಿಂದಿನಿಂದ ಜುಟ್ಟು ಹಿಡಿದೆತ್ತಿದ ಹಾಗೆ. ಡ್ರಿಲ್‌ ಮೇಷ್ಟ್ರು ದಾರಿ ಬದಿಗೆ ನಿಂತು ಕೋಲನ್ನು ಬಗಲಿಗಿಟ್ಟು ಚಪ್ಪಾಳೆ ತಟ್ಟಿದರು. "ಇವತ್ತು ಫೈನಲ್ಲಾ? ಶಾಭಾಸ್! ನಿಲ್ಬೇಡಿ, ನಿಲ್ಬೇಡಿ, ನನ್ನ ಮುಖ ಏನ್ ನೋಡ್ತೀರಿ, ಮುಂದೆ ನೋಡಿ!" ಪಕ್ಕೆಯಲ್ಲಿ ಸೂಜಿ ಆಡತೊಡಗಿತ್ತು. ಬಾಯಿಯಿಂದ ಉಸಿರು ಗರಗರನೆ ಬರುತ್ತಿತ್ತು. ಈ ಸದ್ದನ್ನು ಕೇಳಬಾರದೆಂದೇ ಅವಳು ಮೊದಲ ದಿನಗಳಲ್ಲಿ ಫೋನಿನ ದನಿಯನ್ನು ಕಿವಿ ಕಿವುಡಾಗುವಷ್ಟು ಏರಿಸಿಕೊಳ್ಳುತ್ತಿದ್ದಳು. ಈಗ ಅಕ್ಕ ಸುಮ್ಮನಿದ್ದಾಳೆ. ಉಸಿರೊಂದೇ ಉಳಿದಿದೆ.

ಅಕ್ಕನನ್ನು ಆಸ್ಪತ್ರೆಯಲ್ಲಿ ಕಂಡುಬಂದು ಕೆಲವು ತಿಂಗಳಾದ ಮೇಲೆ, ಆ ದಿನ, ಅಂಗಡಿಯಲ್ಲಿ ಕಲ್ಲನ್ನು ಆಗಷ್ಟೇ ನಿಲ್ಲಿಸಿದ್ದಳು. ತೊಟ್ಟಿಕ್ಕುವ ನೀರಿನ ಸದ್ದು ಬಿಟ್ಟರೆ ಹಿಂದಿನ ಕೋಣೆ ನಿಶ್ಶಬ್ದ. ಫೋನು ಹೊಡೆದುಕೊಂಡಿತು. ಮೇಲೆ ಅಕ್ಕ ಎಂದು ಬರೆದಿತ್ತು, ದೊಡ್ಡ ಅಕ್ಷರದಲ್ಲಿ, ಕನ್ನಡಕವಿಲ್ಲದೆಯೂ ಕಾಣುವಷ್ಟು. ಎತ್ತಿದಳು. ಉಸಿರು. ಕುತ್ತಿಗೆಯ ತೂತಿನಿಂದ ಬರುವ, ಒದ್ದೆಯಾದ, ಸಿಳ್ಳೆಯಂಥ ಉಸಿರು. ಒಂದು, ಮತ್ತೊಂದು, ಮತ್ತೊಂದು. ಅದರಲ್ಲಿ ಏನೋ ಅವಸರವಿತ್ತು. ಏನು ಹೇಳಬೇಕಿತ್ತೋ. ಮಾತು ಬರದವಳು ಫೋನು ಮಾಡಿದ್ದಾಳೆಂದರೆ ಮಾತಿಗಿಂತ ದೊಡ್ಡದು ಯಾವುದೋ ಇರಬೇಕು ಎಂದು ಎಂಥ ದಡ್ಡರಿಗೂ ಹೊಳೆಯುತ್ತದೆ. ಅವಳಿಗೂ ಹೊಳೆಯಿತು. ಹೊಳೆದೂ, ಅವಳ ಬಾಯಿ, ಆ ಒಡಕು ಬಾಯಿ, ಯಾರೂ ಹೇಳಿಕೊಡದೆ ಮಾತಾಡಿತು. "ಹಲೋ, ಯಾರು? ಏನೂ ಕೇಳಿಸ್ತಾ ಇಲ್ಲ. ಸ್ವಲ್ಪ ಜೋರಾಗಿ ಮಾತಾಡಿ." ಉಸಿರು ನಿಂತಿತು. ನಿಂತು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ, ಹೇಳಿದ ಮಾತನ್ನು ಕೇಳಿ ನಡೆಸಿಕೊಡುವ ಹಾಗೆ. "ಕೇಳಿಸ್ತಿಲ್ಲ ರೀ" ಎಂದು ಅವಳು ಕರೆಯನ್ನು ಕತ್ತರಿಸಿದಳು. ಮುಂದಿನ ಕೌಂಟರಿನ ಹುಡುಗಿ ಪರದೆ ಸರಿಸಿ, "ಯಾರಕ್ಕಾ ಅದು?" ಎಂದಳು. "ರಾಂಗ್ ನಂಬರ್." ಅಷ್ಟು ಹೇಳಿ ಕಲ್ಲನ್ನು ಮತ್ತೆ ತಿರುಗಿಸಿದಳು, ಅಂಚು ಸರಿಯಾಗಿ ಕೂತಿದ್ದ ಗಾಜನ್ನೇ ಎತ್ತಿಕೊಂಡು ಮತ್ತೊಮ್ಮೆ ತಿಕ್ಕಿ ಕೆಡಿಸಿದಳು. ವಾರ ತಿರುಗುವಷ್ಟರಲ್ಲಿ ಮತ್ತೊಂದು ಫೋನು ಬಂತು. ಈ ಸಲ ಭಾವನದು. ಅವರು ಮಾತಾಡಿದರು. ಸ್ಪಷ್ಟವಾಗಿ ಕೇಳಿಸಿತು.

ಅಂದು ಹೆಣದ ಮುಂದೆ ಭಾವನ ಕಣ್ಣನ್ನು ಅವಳು ನೋಡಲಿಲ್ಲ. ಆಮೇಲೆ ಆ ಮನೆಯ ದಾರಿಯನ್ನೂ ನೋಡಲಿಲ್ಲ. ಪಾರ್ಕಿನ ಹಿಂದಿನ ಗೇಟಿನಿಂದ ಹೊರಬಿದ್ದರೆ ರೈಲುಹಳಿಯ ಮೇಲಿನ ಸೇತುವೆ, ಸೇತುವೆ ಇಳಿದರೆ ಆ ಬೀದಿ. ಓಡುವಾಗಲೆಲ್ಲ ಅವಳು ಆ ಗೇಟು ಕಾಣುವ ಮೊದಲೇ ತಿರುಗಿಬಿಡುತ್ತಿದ್ದಳು. ಭಾವನಿಗೆ ಗೊತ್ತೋ ಇಲ್ಲವೋ? ಫೋನು ಒತ್ತಿಕೊಟ್ಟವರು ಅವರೇ ಇರಬಹುದು. ಅಕ್ಕ ಫೋನು ಕೆಳಗಿಟ್ಟಾಗ ಅವಳ ಮುಖ ಹೇಗಿತ್ತೆಂದು ಕಂಡವರು ಅವರೊಬ್ಬರೇ ಇರಬಹುದು. ಈ ಒಂದು ಪ್ರಶ್ನೆಯನ್ನು ಕೇಳದೆ ಇರುವುದಕ್ಕಾಗಿ ಎಷ್ಟು ದೂರ ಓಡಬೇಕಾಯಿತು.

'ಇನ್ನೊಂದೇ ನಿಮಿಷ' ಎಂದಳು ಅಕ್ಕ.

ಒಂದು ನಿಮಿಷದಲ್ಲಿ ಏನು ತಾನೇ ಹೇಳಲು ಸಾಧ್ಯ? ಸಾಧ್ಯ. ಒಂದು ಶಬ್ದ ಸಾಕು. ಓಟ ನಿಧಾನ ಮಾಡಿದಳು, ನಿಮಿಷ ಉದ್ದವಾದೀತೆಂಬಂತೆ; ಅದು ಮೂರ್ಖತನವೆಂದು ಹೊಳೆದು ಮತ್ತೆ ಬಿರುಸಾದಳು, ಬೇಗ ಹೋದರೆ ಬೇಗ ಸಿಕ್ಕೀತೆಂಬಂತೆ; ಅದೂ ಮೂರ್ಖತನವೇ. ಹುಲ್ಲಿನ ಯಂತ್ರ ಕೊನೆಗೂ ಹತ್ತಿಕೊಂಡು ಗಿರ್ರೆನ್ನತೊಡಗಿತ್ತು. ಅವಳು ಎರಡೂ ಕೈಗಳಿಂದ ಇಯರ್‌ಫೋನನ್ನು ಕಿವಿಗೆ ಅದುಮಿಕೊಂಡು, ಕೈಯಿಲ್ಲದವಳ ಹಾಗೆ ಮೊಣಕೈ ಅಗಲಿಸಿ ಓಡಿದಳು.

'ನಿಲ್ಲಿ. ಮುಗಿಯಿತು. ನೀವು ಮಾಡಿ ತೋರಿಸಿದಿರಿ. ನಾಳೆಯಿಂದ ನಿಮಗೆ ನನ್ನ ಅಗತ್ಯವಿಲ್ಲ.'

ಅದಾದ ಮೇಲೆ ಅಕ್ಕ ಉಸಿರೆಳೆದುಕೊಂಡಳು. ಕೇಳಿಸಿತು, ಸ್ಪಷ್ಟವಾಗಿ: ಮತ್ತೂ ಒಂದು ಮಾತು ಹೇಳಲಿರುವವರು ಎಳೆದುಕೊಳ್ಳುವ ಉಸಿರು. ಅಲ್ಲಿಗೆ ರೆಕಾರ್ಡು ಮಾಡುವವನು ಕತ್ತರಿಸಿದ್ದ. ಮುಂದಿನ ಕ್ಷಣ ತುತ್ತೂರಿಯ ಸಂಗೀತ. ಒಬ್ಬ ಗಂಡಸು ಕುಣಿಯುತ್ತಿರುವವನ ದನಿಯಲ್ಲಿ ಹೊಸ ಬೂಟು ಕೊಳ್ಳಬೇಕೆಂದೂ ಈ ಪಾಠಗಳನ್ನು ಸ್ನೇಹಿತರಿಗೆ ತಿಳಿಸಬೇಕೆಂದೂ ಹೇಳತೊಡಗಿದ.

ಅವಳು ಇಯರ್‌ಫೋನನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದಳು. ನಿಲ್ಲಲಿಲ್ಲ. ನಿಲ್ಲಿ ಎಂದದ್ದು ಕೇಳಿಸಿತ್ತು, ಆದರೆ ಕಾಲುಗಳಿಗೆ ಅದು ತಲುಪಿದಂತೆ ಕಾಣಲಿಲ್ಲ. ಇರಲಿಲ್ಲ. ಎಲ್ಲ ಪಾಠಗಳನ್ನೂ ಗೋರಿ ನೋಡಿದರೂ ಅವಳಿಗೆಂದು ಒಂದು ಅಕ್ಷರವೂ ಇರಲಿಲ್ಲ. ಇದ್ದದ್ದು ಯಾರೋ ಬರೆದುಕೊಟ್ಟ ವಾಕ್ಯ, ಓಡಲು ಹೊರಟ ಲೋಕದ ಎಲ್ಲ ದಪ್ಪ ಹೆಂಗಸರಿಗೂ ಎಲ್ಲ ರಕ್ತದೊತ್ತಡದ ಗಂಡಸರಿಗೂ ಸಮನಾಗಿ ಹಂಚಿದ್ದು. ಅಕ್ಕ ಅವಳೊಬ್ಬಳಿಗೇ ಕಳಿಸಿದ್ದು ಇಡೀ ಜನ್ಮದಲ್ಲಿ ಒಂದೇ ಒಂದು, ಅದಕ್ಕೆ ಮಾತು ಇರಲಿಲ್ಲ, ಮತ್ತು ಅದು ಬಂದಾಗ ಅವಳು ಕೆಲಸದಲ್ಲಿದ್ದಳು.

ಹಿಂದಿನ ಗೇಟು ಬಂತು. ಗೇಟಿನಾಚೆ ರಸ್ತೆ. ಪಾರ್ಕಿನೊಳಗೆ ಓಡುವ ಹೆಂಗಸು ಆರೋಗ್ಯ ನೋಡಿಕೊಳ್ಳುವವಳು. ರಸ್ತೆಯಲ್ಲಿ ಓಡುವ ಹೆಂಗಸು ಸಾವಿನ ಸುದ್ದಿ. ತರಕಾರಿ ಅಂಗಡಿಯವನು ತಕ್ಕಡಿ ಬಿಟ್ಟು ಹೊರಗೆ ಬಂದ. "ಏನಾಯ್ತಮ್ಮಾ? ಯಾರಿಗಮ್ಮಾ? ಆಂಬುಲೆನ್ಸ್ ಕರೀಲಾ?" ಅವಳು ಕೈ ಆಡಿಸಿದಳು. ಅದರ ಅರ್ಥ ಹೌದೆಂದೋ ಬೇಡವೆಂದೋ ಅವನಿಗೆ ತಿಳಿಯಲಿಲ್ಲ, ಅವಳಿಗೂ ತಿಳಿದಿರಲಿಲ್ಲ. ಶಾಲೆಗೆ ಹೊರಟ ಮಕ್ಕಳು ಗೋಡೆಗೆ ಒತ್ತಿ ನಿಂತವು. ಸೇತುವೆಯ ಮೆಟ್ಟಿಲುಗಳನ್ನು ಅವಳು ಕಂಬಿ ಹಿಡಿದು ಹತ್ತಿದಳು. ಕೆಳಗೆ ಒಂದು ರೈಲು ಹಾದು ಹಲಗೆಗಳೆಲ್ಲ ನಡುಗಿದವು. ಇಳಿದಳು. ಯಾರೂ 'ಚೆನ್ನಾಗಿ ಓಡುತ್ತಿದ್ದೀರಿ' ಎನ್ನಲಿಲ್ಲ. ಯಾರೂ 'ಇನ್ನು ನಡೆಯಿರಿ' ಎನ್ನಲಿಲ್ಲ. ತಿರುಗಿ ಹೋಗಬಹುದಿತ್ತು. ಪ್ರತಿ ಮೂಲೆಯಲ್ಲೂ ತಿರುಗಿ ಹೋಗಬಹುದಿತ್ತು. ಆ ಬೀದಿಯ ನಾಲ್ಕನೆಯ ಬಾಗಿಲನ್ನು ಅವಳು ಬಡಿದದ್ದು ಮುಷ್ಟಿಯಿಂದಲ್ಲ, ನಿಲ್ಲಲಾರದೆ ಹೋಗಿ ಬಿದ್ದ ಭುಜದಿಂದ.

ಭಾವ ಬಾಗಿಲು ತೆಗೆದರು. ಹೊಲಿಗೆ ಯಂತ್ರ ರಿಪೇರಿ ಮಾಡುವ ಕೈ. ಬೆರಳುಗಳಿಗೆ ಎಣ್ಣೆ ಮೆತ್ತಿತ್ತು, ಕಿವಿಯ ಮೇಲೆ ಸಣ್ಣ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿದ್ದರು. ಒಳಗೆ ಮೇಜಿನ ಮೇಲೆ ಯಾರದೋ ಯಂತ್ರ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ತಂಗಿ ಬೂಟು ತೊಟ್ಟು, ಕಿತ್ತಳೆ ಬಣ್ಣದ ಅಂಗಿ ಮೈಗಂಟಿಕೊಂಡು, ಬಾಯಿ ತೆರೆದು, ಒಂದು ಶಬ್ದವೂ ಹೊರಡದೆ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದಾಳೆ. ವರ್ಷದಿಂದ ಮುಖ ತೋರಿಸದವಳು. ಏನಾಯಿತು ಎಂದು ಅವರು ಕೇಳಲಿಲ್ಲ. ಇಷ್ಟು ದಿನ ಎಲ್ಲಿದ್ದೆ ಎಂದೂ ಕೇಳಲಿಲ್ಲ.

"ಬಾ. ಕೂತ್ಕೋ."

ಕುರ್ಚಿಯ ಮೇಲಿದ್ದ ನೂಲಿನ ಉಂಡೆಗಳನ್ನು ತೆಗೆದು ನೆಲಕ್ಕಿಟ್ಟು, ಅವಳನ್ನು ಕೂರಿಸಿ, ಇನ್ನೊಂದು ಕುರ್ಚಿಯನ್ನು ಎದುರಿಗೆ, ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಎಳೆದು ತಾವೂ ಕೂತರು. ಅವಳು ಏನೋ ಹೇಳಲು ಹೋದಳು. ಬರೀ ಉಸಿರು ಬಂತು. ಭಾವ ತಲೆಯಲ್ಲಾಡಿಸಿದರು, ಅದೂ ಒಂದು ಮಾತೇ ಎಂಬಂತೆ. "ಯಾವಾಗ ಬರತ್ತೋ ಆವಾಗ ಹೇಳು." ಮಾತು ಸತ್ತವಳ ಜೊತೆ ತಿಂಗಳುಗಟ್ಟಲೆ ಹೀಗೆ ಕೂತು ಅವರಿಗೆ ಅಭ್ಯಾಸವಾಗಿಬಿಟ್ಟಿತ್ತು. ಬೇರೆಯವರ ಹಾಗೆ ಅವರು ಬಾಯಿಯನ್ನು ನೋಡಲಿಲ್ಲ, ಅವಸರಪಟ್ಟು ಅರ್ಧ ವಾಕ್ಯವನ್ನು ತಾವೇ ಪೂರ್ತಿ ಮಾಡಲಿಲ್ಲ, ನೀರು ತರುವ ನೆವದಲ್ಲಿ ಎದ್ದುಹೋಗಲಿಲ್ಲ. ಅವಳ ಕೈಗಳನ್ನು ನೋಡುತ್ತ ಕೂತರು. ಕೈಗಳು ಮೊದಲು ಹೇಳುತ್ತವೆ ಎಂದು ಅವರಿಗೆ ಗೊತ್ತಿತ್ತು. ಹೊರಗೆ ಯಾರೋ ಸೈಕಲ್ಲು ನಿಲ್ಲಿಸಿ, "ನನ್ನ ಮಿಷಿನ್ ಆಯ್ತಾ?" ಎಂದು ಕೂಗಿದರು. ಭಾವ ಅವಳ ಕೈಗಳಿಂದ ಕಣ್ಣು ತೆಗೆಯಲಿಲ್ಲ. ಸೈಕಲ್ಲು ಹೊರಟುಹೋಯಿತು.

ಉಸಿರು ತನ್ನಷ್ಟಕ್ಕೆ ತಗ್ಗುತ್ತ ಬಂತು. ಪಕ್ಕೆಯ ಸೂಜಿ ಸುಮ್ಮನಾಯಿತು. ಕುತ್ತಿಗೆಯ ಬೆವರು ಆರುತ್ತ ತಣ್ಣಗಾಯಿತು. ಅವಳು ಇನ್ನೂ ಏದುತ್ತಿರುವವಳ ಹಾಗೆ ಎದೆಯನ್ನು ಏರಿಸಿ ಇಳಿಸಿದಳು. ಮತ್ತೊಮ್ಮೆ ಏರಿಸಿ ಇಳಿಸಿದಳು. ಅದು ಸುಳ್ಳು ಏದುಸಿರೆಂದು ಮೊದಲು ಅವಳಿಗೆ, ಆಮೇಲೆ ಅವರಿಗೆ ತಿಳಿಯುವಷ್ಟು ಹೊತ್ತು. ಇಯರ್‌ಫೋನು ಹಿಡಿದಿದ್ದ ಮುಷ್ಟಿ ಬಿಚ್ಚಿತು.

"ಆವತ್ತು ನಂಗೆ ಕೇಳಿಸ್ತಿತ್ತು, ಭಾವ" ಎಂದಳು.